ನೋಟಕ್ಕೆ ಬೆಲೆ ಕಟ್ಟಿದ ದನಗಾಹಿ

ಬ್ಯಾಸ್ಕೆಟ್‌ಬಾಲ್ ಆಟದ ದಾಖಲೆಗಳಲ್ಲಿ ಒಂದು ವಿಲಕ್ಷಣ ಲೆಕ್ಕವಿದೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 1985ರಿಂದ ಸುಮಾರು ಹತ್ತು ವರ್ಷ ಆಡಿದ ಒಬ್ಬ ಆಟಗಾರ 624 ಪಂದ್ಯಗಳಲ್ಲಿ ಗಳಿಸಿದ ಒಟ್ಟು ಅಂಕ 1,599. ಅದೇ ಪಂದ್ಯಗಳಲ್ಲಿ ಎದುರಾಳಿಗಳು ಬುಟ್ಟಿಗೆಂದು ಎಸೆದ ಚೆಂಡನ್ನು ಆತ ಗಾಳಿಯಲ್ಲಿಯೇ ತಡೆದು ತಳ್ಳಿದ್ದು 2,086 ಬಾರಿ. ತಾನು ಗಳಿಸಿದ್ದಕ್ಕಿಂತ ಇತರರು ಗಳಿಸದಂತೆ ತಡೆದದ್ದೇ ಹೆಚ್ಚು ಎನಿಸಿಕೊಂಡ ಇಂಥ ಆಟಗಾರ, ದೀರ್ಘಕಾಲ ಆಡಿದವರ ಪೈಕಿ ಬೇರೊಬ್ಬನಿಲ್ಲ. ಹೆಸರು ಮನೂಟ್ ಬೋಲ್. ಎತ್ತರ ಏಳು ಅಡಿ ಏಳು ಅಂಗುಲ. ಊರು ಇಂದಿನ ದಕ್ಷಿಣ ಸುಡಾನಿನ ತುರಾಲೆ. ಜನಾಂಗ ಡಿಂಕಾ. ಮೂಲ ಕಸುಬು ದನ ಕಾಯುವುದು.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಬುಟ್ಟಿಯ ಕಬ್ಬಿಣದ ಬಳೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿರಬೇಕು. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಬಿಗಿದಾಗ ಆ ಕಟಕಟೆ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಆ ಆಕಸ್ಮಿಕವೇ ನಿಯಮವಾಗಿ ಉಳಿಯಿತು. ಚೆಂಡು ಮೇಲೇರುತ್ತಿರುವಾಗ ಅದನ್ನು ತಡೆಯಬಹುದು, ಬುಟ್ಟಿಯತ್ತ ಇಳಿಯತೊಡಗಿದ ಮೇಲೆ ಮುಟ್ಟುವಂತಿಲ್ಲ. ಆದ್ದರಿಂದ ತಡೆಯುವವನಿಗೆ ಎತ್ತರವೊಂದೇ ಸಾಲದು. ಕಣ್ಣು ಮಿಟುಕಿಸುವಷ್ಟರೊಳಗೆ ತೀರ್ಮಾನಿಸುವ ಚುರುಕು ಬೇಕು. ಬೋಲ್ ತನ್ನೆರಡೂ ಕೈಗಳನ್ನು ಅಗಲಿಸಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಂಟೂವರೆ ಅಡಿ. ನೆಲದಿಂದ ಪಾದ ಎತ್ತದೆ ಆತ ಬುಟ್ಟಿಯ ಬಳೆಯನ್ನು ಮುಟ್ಟಬಲ್ಲವನಾಗಿದ್ದ. ಆದರೆ ಅದೇ ದೇಹದಲ್ಲಿ ಮಾಂಸವೆಂಬುದು ಇರಲಿಲ್ಲ. ಇನ್ನೂರು ಪೌಂಡಿನ ಆಸುಪಾಸಿನ ಆ ಕಡ್ಡಿ ಶರೀರವನ್ನು ಎದುರಾಳಿಗಳು ಭುಜದಿಂದ ತಳ್ಳಿದರೆ ಸಾಕು, ಜರುಗಿಹೋಗುತ್ತಿತ್ತು. ಎತ್ತರದಿಂದ ಬಂದ ಲಾಭದಲ್ಲಿ ಅರ್ಧವನ್ನು ತೆಳುವು ತಿಂದುಹಾಕಿತು ಎನ್ನಬಹುದು.

ಆತ ಹುಟ್ಟಿದ್ದು ಯಾವಾಗ? ಬಹುಪಾಲು ದಾಖಲೆಗಳು 1962ರ ಅಕ್ಟೋಬರ್ 16 ಎನ್ನುತ್ತವೆ. ಆ ತಾರೀಖನ್ನು ತಾನೇ ಕೊಟ್ಟದ್ದೆಂದು ಒಬ್ಬ ಅಮೆರಿಕನ್ ಕೋಚ್ ಬಹಳ ವರ್ಷಗಳ ನಂತರ ಹೇಳಿಕೊಂಡ. ನಮ್ಮ ಸಾದಲಿ ಸೀಮೆಯ ಹಳೆಯ ತಲೆಮಾರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಮೇಷ್ಟ್ರು ತೀರ್ಮಾನಿಸಿ, ಜೂನ್ ತಿಂಗಳ ಒಂದು ತಾರೀಖನ್ನು ಬರೆದುಕೊಳ್ಳುತ್ತಿದ್ದ ಕಾಲವದು. ದೇಹವೇ ದಾಖಲೆಪತ್ರ. ಬೋಲ್‌ನ ಪಾಸ್‌ಪೋರ್ಟಿನಲ್ಲಿ ಇನ್ನೂ ದೊಡ್ಡ ತಮಾಷೆಯಿತ್ತು. ಅದರಲ್ಲಿ ಆತನ ಎತ್ತರ ಐದು ಅಡಿ ಎರಡು ಅಂಗುಲವೆಂದು ನಮೂದಾಗಿತ್ತು. ಏನಿದು ಎಂದು ಕೇಳಿದವರಿಗೆ, ಸುಡಾನಿನ ಅಧಿಕಾರಿಗಳು ತಾನು ಕುಳಿತಿದ್ದಾಗ ಅಳತೆ ತೆಗೆದುಕೊಂಡರು ಎಂದು ಆತ ಉತ್ತರಿಸುತ್ತಿದ್ದ.

ಡಿಂಕಾ ಜನ ಜಗತ್ತಿನ ಅತ್ಯಂತ ಎತ್ತರದ ಜನರಲ್ಲಿ ಸೇರಿದವರು. ದನವೇ ಅವರ ಸಂಪತ್ತು, ದನವೇ ತೆರ, ದನವೇ ಹಾಡಿನ ವಸ್ತು. ಬೋಲ್‌ನ ತಾಯಿ ಆರು ಅಡಿ ಹತ್ತು ಅಂಗುಲ, ತಂದೆ ಆರು ಅಡಿ ಎಂಟು ಅಂಗುಲ ಎಂದೂ, ಮುತ್ತಾತ ಇವರೆಲ್ಲರನ್ನೂ ಮೀರಿಸಿದ ಎತ್ತರದವನೆಂದೂ ಆತ ಹೇಳುತ್ತಿದ್ದ. ಅಂದರೆ ಅದು ಗ್ರಂಥಿಯ ದೋಷದಿಂದ ಬಂದ ಎತ್ತರವಲ್ಲ, ವಂಶದ ಎತ್ತರ. ತುರಾಲೆಯಲ್ಲಿ ಅದು ಗೌರವದ ಸಂಗತಿ. ಯಾರೂ ನಿಂತು ನೋಡುತ್ತಿರಲಿಲ್ಲ. ದನ ಕಾಯುತ್ತಿದ್ದಾಗ ಮಲಗಿದ್ದ ಸಿಂಹವೊಂದನ್ನು ಈಟಿಯಿಂದ ತಿವಿದು ಕೊಂದ ಕಥೆಯನ್ನು ಆತ ಅಮೆರಿಕನ್ ಪತ್ರಕರ್ತರಿಗೆ ಎಷ್ಟೋ ಸಲ ಹೇಳಿದ್ದಾನೆ. ಎಚ್ಚರವಾಗಿದ್ದ ಸಿಂಹವಾಗಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸುತ್ತಿದ್ದ. ಬೊಗಳೆ ಬಿಡುವವನು ಸಿಂಹ ಮಲಗಿತ್ತೆಂದು ಹೇಳುವುದಿಲ್ಲ ಎಂಬುದು ನನ್ನ ತರ್ಕ.

ಮೊದಲು ಫುಟ್‌ಬಾಲ್ ಆಡಿದ. ಕಾಲು ತೀರಾ ಉದ್ದವಾಗಿ ಅದು ಒಗ್ಗಲಿಲ್ಲ. ಹದಿಹರೆಯದ ಕೊನೆಗೆ ವಾವ್ ಪಟ್ಟಣದಲ್ಲಿ, ಆಮೇಲೆ ಖಾರ್ಟೂಮಿನಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದ. ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಮೊದಲ ಯತ್ನದಲ್ಲೇ ಬಾಯಿ ತಗುಲಿ ಹಲ್ಲು ಮುರಿದುಕೊಂಡ. ಉತ್ತರದ ಅರಬ್ಬರ ನಗರವಾದ ಖಾರ್ಟೂಮಿನಲ್ಲಿ ದಕ್ಷಿಣದ ಕಪ್ಪು ಹುಡುಗನಿಗೆ ಸಿಕ್ಕ ತಾತ್ಸಾರವನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಸುಡಾನ್ ತಂಡಕ್ಕೆ ತರಬೇತಿ ಕೊಡಲು 1982ರಲ್ಲಿ ಬಂದಿದ್ದ ಡಾನ್ ಫೀಲಿ ಎಂಬ ಅಮೆರಿಕನ್ ಕೋಚ್ ಆತನನ್ನು ಕಂಡು, ಅಮೆರಿಕಕ್ಕೆ ಹೊರಡಿಸಿದ. 1983ರಲ್ಲಿ ಸ್ಯಾನ್ ಡಿಯಾಗೊ ಕ್ಲಿಪರ್ಸ್ ತಂಡ ಆಯ್ಕೆ ಮಾಡಿಕೊಂಡಿತಾದರೂ ನಿಯಮದ ತೊಡಕಿನಿಂದ ಅದು ರದ್ದಾಯಿತು. ಇಂಗ್ಲಿಷ್ ಬಾರದ ಕಾರಣ ದೊಡ್ಡ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ 1984-85ರ ಒಂದು ಋತು ಆಡಿ, ಪಂದ್ಯಕ್ಕೆ ಸರಾಸರಿ 22.5 ಅಂಕ ಗಳಿಸಿದ, ಏಳಕ್ಕೂ ಹೆಚ್ಚು ಎಸೆತಗಳನ್ನು ತಡೆದ. 1985ರಲ್ಲಿ ವಾಷಿಂಗ್ಟನ್ ಬುಲೆಟ್ಸ್ ತಂಡ ಎರಡನೇ ಸುತ್ತಿನಲ್ಲಿ ಆತನನ್ನು ಆರಿಸಿಕೊಂಡಿತು.

ಮೊದಲ ಋತುವಿನಲ್ಲೇ 397 ತಡೆಗಳು. ಒಂದು ಋತುವಿನಲ್ಲಿ ಅದಕ್ಕಿಂತ ಹೆಚ್ಚು ತಡೆದವನು ಅದರ ಹಿಂದಿನ ವರ್ಷ 456ರ ದಾಖಲೆ ಬರೆದ ಮಾರ್ಕ್ ಈಟನ್ ಒಬ್ಬನೇ. ಹೊಸಬನೊಬ್ಬನ ಮೊದಲ ವರ್ಷದ ದಾಖಲೆಯಾಗಿ ಬೋಲ್‌ನ ಆ ಸಂಖ್ಯೆ ಇನ್ನೂ ನಿಂತಿದೆ. ಒಂದೇ ಪಂದ್ಯದಲ್ಲಿ 15 ಎಸೆತಗಳನ್ನು ತಡೆದದ್ದು ಎರಡು ಸಲ. ಲೀಗಿನಲ್ಲೇ ಅತಿ ಹೆಚ್ಚು ತಡೆದವನೆಂಬ ಸ್ಥಾನವೂ ಎರಡು ಸಲ. ಅಂಕ ಗಳಿಕೆಯಲ್ಲಿ ಮಾತ್ರ ಪಂದ್ಯಕ್ಕೆ ಸರಾಸರಿ ಮೂರೂ ಇಲ್ಲ. ಆದರೂ ಎದುರಾಳಿ ತಂಡದ ಊರಿನಲ್ಲಿ ಸಹ ಆತ ಅಂಗಣಕ್ಕಿಳಿದರೆ ಪ್ರೇಕ್ಷಕರು ಎದ್ದು ನಿಲ್ಲುತ್ತಿದ್ದರು. ಅದರಲ್ಲೂ ಆತ ದೂರದಿಂದ, ಮೂರು ಅಂಕದ ಗೆರೆಯಾಚೆಯಿಂದ ಚೆಂಡೆಸೆಯುವುದೆಂದರೆ ಜನಕ್ಕೆ ಹಬ್ಬ. ಎತ್ತರದವರು ಬುಟ್ಟಿಯ ಬುಡದಲ್ಲಿ ನಿಲ್ಲಬೇಕೆಂಬುದು ಆ ಕಾಲದ ಶಾಸ್ತ್ರ. ಗೋಲ್ಡನ್ ಸ್ಟೇಟ್ ತಂಡದ ಕೋಚ್ ಡಾನ್ ನೆಲ್ಸನ್ 1988-89ರಲ್ಲಿ ಆ ಶಾಸ್ತ್ರವನ್ನು ಬದಿಗಿಟ್ಟು ಬೋಲ್‌ಗೆ ಸ್ವಾತಂತ್ರ್ಯ ಕೊಟ್ಟ. ಆ ಋತುವಿನಲ್ಲಿ 91 ಸಲ ಎಸೆದು 20 ಸಲ ಗುರಿ ಮುಟ್ಟಿಸಿದ. ಹೆಗಲ ಹಿಂದಿನಿಂದ ಕಲ್ಲು ಬೀಸಿದಂತಹ ಆ ಎಸೆತಕ್ಕೆ ಸೊಗಸೇನೂ ಇರಲಿಲ್ಲ. ಆದರೆ 1993ರ ಮಾರ್ಚ್ 3ರಂದು ಫೀನಿಕ್ಸ್ ನಗರದಲ್ಲಿ, ಫಿಲಡೆಲ್ಫಿಯಾ ಪರವಾಗಿ ಆಡುತ್ತ, ಪಂದ್ಯದ ಉತ್ತರಾರ್ಧವೊಂದರಲ್ಲೇ ಅಂತಹ ಆರು ಎಸೆತಗಳನ್ನು ಬುಟ್ಟಿಗೆ ಹಾಕಿದ. ಎದುರಾಳಿಯ ಊರು ಹುಚ್ಚೆದ್ದು ಕೂಗಿತು. ಆ ದೃಶ್ಯದ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದ್ದೆಲ್ಲ ಎಸೆತಕ್ಕಿಂತ ಹೆಚ್ಚಾಗಿ ಪ್ರತಿ ಎಸೆತದ ನಂತರ ಆತನ ಮುಖದಲ್ಲಿ ಅರಳುವ ನಗೆಯನ್ನು.

ಆ ಪ್ರೀತಿಯ ಒಳಗೆ ಇನ್ನೊಂದು ಪದರವಿತ್ತು. 1987ರಲ್ಲಿ ಬುಲೆಟ್ಸ್ ತಂಡ ಐದು ಅಡಿ ಮೂರು ಅಂಗುಲದ ಮಗ್ಸಿ ಬೋಗ್ಸ್ ಎಂಬ ಪುಟ್ಟ ಆಟಗಾರನನ್ನು ಸೇರಿಸಿಕೊಂಡಿತು. ಲೀಗಿನ ಅತಿ ಎತ್ತರದವನೂ ಅತಿ ಗಿಡ್ಡನೂ ಒಂದೇ ತಂಡದಲ್ಲಿ. ಇಬ್ಬರ ನಡುವೆ 28 ಅಂಗುಲಗಳ ಅಂತರ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ತೆಗೆದ ಛಾಯಾಚಿತ್ರಗಳು ಜಗತ್ತನ್ನು ಸುತ್ತಿದವು. ಬೋಗ್ಸ್ ಮುಂದೆ ಬಹಳ ಸಮರ್ಥ ಆಟಗಾರನೆಂದು ಹೆಸರು ಮಾಡಿದ. ಬೋಲ್ ಆಗಲೇ ಹೆಸರು ಮಾಡಿದ್ದ. ಆದರೆ ಆ ಚಿತ್ರಗಳಲ್ಲಿ ಇಬ್ಬರೂ ಆಟಗಾರರಲ್ಲ, ಜಾತ್ರೆಯ ಡೇರೆಯೊಳಗಿನ ನೋಟ. ಹಣೆಯ ಮೇಲೆ ಡಿಂಕಾ ದೀಕ್ಷೆಯ ಗೀರುಗಳಿದ್ದ, ಸರಿಯಾಗಿ ಇಂಗ್ಲಿಷ್ ಬಾರದಿದ್ದ ಬೋಲ್ ತಾನು ಏನಾಗಿ ಕಾಣುತ್ತಿದ್ದೇನೆಂಬುದನ್ನು ಅರಿಯದವನಲ್ಲ. ಅಂದಹಾಗೆ, ತಪ್ಪಾದಾಗ ಅಮೆರಿಕನ್ನರು ಹೇಳುವ 'ಮೈ ಬ್ಯಾಡ್' ಎಂಬ ಮಾತನ್ನು ಚಾಲ್ತಿಗೆ ತಂದವನು ಈತನೇ ಎಂಬ ವಾದವೊಂದಿದೆ. ಭಾಷೆ ಬಾರದವನೊಬ್ಬನಿಂದ ಒಂದು ಭಾಷೆ ಪದ ಕಡ ಪಡೆದದ್ದು ನಿಜವಾಗಿದ್ದರೆ, ನೋಟದ ಡೇರೆಯಿಂದ ಬಂದ ಆ ಕಾಣಿಕೆ ಸಣ್ಣದಲ್ಲ.

ಈ ನೋಟದ ವಿಚಾರದಲ್ಲಿ ನನಗೆ ಸ್ವಲ್ಪ ಮನೆಯ ಅನುಭವವಿದೆ. ನನ್ನ ದೊಡ್ಡಪ್ಪ ಆರು ಅಡಿ ಐದು ಅಂಗುಲ ಇದ್ದರು. ಸಾದಲಿ ಹೋಬಳಿಯೆಂದರೆ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಸೀಮೆ. ತೆಲುಗಿನಲ್ಲಿ ಎತ್ತರಕ್ಕೆ 'ಪೊಡುಗು' ಎನ್ನುತ್ತಾರೆ. ಹಾಗಾಗಿ ದೊಡ್ಡಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಪಹಣಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವರು 'ಪೊಡುಗಪ್ಪ'. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ ಅವರ ಲೋಕ. ಮೇಲಿನ ಅಂಕಣದ ತಟ್ಟೆಗಳನ್ನು ಏಣಿಯಿಲ್ಲದೆ ಇಳಿಸುತ್ತಿದ್ದರು, ಹಬ್ಬದ ದಿನ ಬೀದಿಯ ಎಲ್ಲ ಮನೆಗಳ ತೋರಣವನ್ನೂ ಅವರೇ ಕಟ್ಟಬೇಕಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವಾಗ ಬಸ್ಸಿನೊಳಗೆ ನೆಟ್ಟಗೆ ನಿಲ್ಲಲಾರದೆ, ಗೂಡಿನ ಚೀಲಗಳೊಂದಿಗೆ ಟಾಪಿನ ಮೇಲೆ ಕೂರುತ್ತಿದ್ದರು. 'ಪೊಡುಗಪ್ಪಾ, ಮೇಲೆ ಮಳೆ ಬರ್ತಾ ಇದೆಯಾ?' ಎಂದು ಕೇಳದ ಮನುಷ್ಯನಿರಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಈ ಹಾಸ್ಯದ ಕಹಿ ಯಾರಿಗೂ ಹೊಳೆಯುತ್ತಿರಲಿಲ್ಲ. ದೊಡ್ಡಪ್ಪ ನಗುತ್ತಿದ್ದರು. ಆದರೆ ಜಾತ್ರೆಗೆ ಹೋಗುತ್ತಿರಲಿಲ್ಲ, ಮಕ್ಕಳ ಹಿಂಡು ಹಿಂದೆ ಬೀಳುತ್ತದೆಂದು. ಮದುವೆ ಮನೆಗಳಲ್ಲಿ ಗೋಡೆಗೆ ಒರಗಿ, ಮೊಣಕಾಲು ಮಡಿಸಿ, ಇದ್ದುದಕ್ಕಿಂತ ಅರ್ಧ ಅಡಿ ಕಡಿಮೆಯಾಗಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಅರವತ್ತು ವರ್ಷ ಹಾಗೆ ನಿಂತ ಬೆನ್ನು ಕೊನೆಗೆ ನಿಜವಾಗಿಯೂ ಬಾಗಿತು. ಅವರು ತೀರಿಕೊಂಡ ದಿನ ಚಟ್ಟಕ್ಕೆ ಉದ್ದನೆಯ ಬಿದಿರು ಹುಡುಕಿ ತರುವುದು ತಡವಾಯಿತು. ಅದನ್ನೂ ಜನ ನಗುತ್ತಲೇ ಆಡಿಕೊಂಡರು. ಯಾರಲ್ಲೂ ದ್ವೇಷವಿರಲಿಲ್ಲ. ಊರು ಅವರನ್ನು ಪ್ರೀತಿಸುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಪ್ರೀತಿಗೆ ಅವರು ತೆತ್ತ ಬೆಲೆ ಯಾರ ಗಮನಕ್ಕೂ ಬರಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ಅಂತಹ ದೇಹವೊಂದು ಆಟದ ಅಂಗಣದವರೆಗೂ ಹೋದ ಉದಾಹರಣೆ ಇಲ್ಲದಿಲ್ಲ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಏಳು ಅಡಿ ಎರಡು ಅಂಗುಲ ಎತ್ತರದವನು. ತಂದೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಇಂಗ್ಲಿಷ್ ಬಾರದೆ ಫ್ಲಾರಿಡಾಕ್ಕೆ ಹೋದ. 2015ರ ಜೂನ್‌ನಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ ತಂಡ ಆತನನ್ನು 52ನೆಯವನಾಗಿ ಆಯ್ಕೆ ಮಾಡಿದಾಗ, ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಆಯ್ಕೆಯಾದ ಮೊದಲಿಗನೆಂದು ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ನೂರು ಕೋಟಿ ಜನರ ಆಸೆಯನ್ನು ಹತ್ತೊಂಬತ್ತರ ಹುಡುಗನ ಹೆಗಲಿಗೆ ಹೇರಲಾಯಿತು. ಆತ ಕೆಳಹಂತದ ಲೀಗಿನಲ್ಲಿ ಎರಡು ಋತು ಕಳೆದ. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2019ರ ನವೆಂಬರ್‌ನಲ್ಲಿ, ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ಸಿದ್ಧತೆ ನಡೆಸುತ್ತಿದ್ದ ಭಾರತ ತಂಡದ ಬೆಂಗಳೂರು ಶಿಬಿರದಲ್ಲಿ ತೆಗೆದ ಮಾದರಿಯಲ್ಲಿ ನಿಷೇಧಿತ ವಸ್ತು ಪತ್ತೆಯಾಗಿ, ಆತ ಆರೋಪ ನಿರಾಕರಿಸಿದರೂ ಎರಡು ವರ್ಷಗಳ ನಿಷೇಧಕ್ಕೆ ಒಳಗಾದ. 2021ರಲ್ಲಿ ಅಮೆರಿಕದ ಮನರಂಜನಾ ಕುಸ್ತಿಯ ಕಂಪನಿಯೊಂದನ್ನು ಸೇರಿದ. ಅಲ್ಲಿ ಎತ್ತರಕ್ಕೆ ಎಂದೂ ಗಿರಾಕಿಯಿದೆ.

ಸತ್ನಾಮನನ್ನು ದೂರುವ ಮನಸ್ಸು ನನಗಿಲ್ಲ. ಪೂರ್ಣ ಪ್ರಮಾಣದ, ವರ್ಷವಿಡೀ ಸಂಬಳ ಕೊಡುವ ವೃತ್ತಿಪರ ಲೀಗ್ ಒಂದನ್ನು ಬೇರೂರಿಸಲಾಗದ ದೇಶದಲ್ಲಿ, ಎತ್ತರದ ಹುಡುಗ ಸಿಕ್ಕೊಡನೆ ಪವಾಡ ನಿರೀಕ್ಷಿಸುವುದು ನಮ್ಮ ಸೋಮಾರಿತನ. ಎತ್ತರವೇ ಆಡುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಅಂತಿಮ ಪಂದ್ಯದಲ್ಲಿ ತಮಗಿಂತ ಎತ್ತರದ ಚೀನಾ ಆಟಗಾರ್ತಿಯರನ್ನು ಜಪಾನಿನ ಹೆಣ್ಣುಮಕ್ಕಳು 71-68ರಿಂದ ಸೋಲಿಸಿದರು. ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲಾಗದ ಪಾಠವದು. ನಮ್ಮ ಹೋಬಳಿಯಲ್ಲಿ ನಾನು ಓದುವ ಕಾಲಕ್ಕೆ ಶಾಲೆಯಂಗಳದಲ್ಲಿ ಕಬಡ್ಡಿ, ಕೊಕ್ಕೊ, ಬಹಳವೆಂದರೆ ಎರಡು ಕಂಬದ ನಡುವಿನ ವಾಲಿಬಾಲ್ ಬಲೆ. ಬುಟ್ಟಿಯ ಕಂಬವನ್ನು ನಾನು ಮೊದಲು ಕಂಡದ್ದು ಕಾಲೇಜಿಗೆಂದು ಬೆಂಗಳೂರಿಗೆ ಬಂದ ಮೇಲೆ.

ಬೋಲ್‌ನ ಕಥೆಗೆ ಮರಳೋಣ. ಆತನ ವೃತ್ತಿಜೀವನವನ್ನು ಅಂಗಣದ ಲೆಕ್ಕದಲ್ಲಷ್ಟೇ ನೋಡಿದರೆ ಅರ್ಧವನ್ನು ಬಿಟ್ಟಂತೆ. ಆತ ಅಮೆರಿಕಕ್ಕೆ ಹೊರಟ 1983ರಲ್ಲೇ ಸುಡಾನಿನಲ್ಲಿ ಎರಡನೇ ಅಂತರ್ಯುದ್ಧ ಆರಂಭವಾಯಿತು. ಉತ್ತರದ ಸರ್ಕಾರಕ್ಕೂ ದಕ್ಷಿಣದ ಬಂಡಾಯಗಾರರಿಗೂ ನಡೆದ ಆ ಯುದ್ಧ 2005ರವರೆಗೆ ಎಳೆದು, ಯುದ್ಧ, ಬರ, ಹಸಿವುಗಳಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ ಸತ್ತರೆಂದು ಅಂದಾಜು. ತನ್ನ ಬಂಧುಬಳಗದಲ್ಲೇ 250 ಮಂದಿ ಹತರಾದರೆಂದು ಬೋಲ್ ಹೇಳಿದ್ದಾನೆ. ಆಡುತ್ತಿದ್ದ ವರ್ಷಗಳಲ್ಲೇ ಆತ ನಿರಾಶ್ರಿತರ ಶಿಬಿರಗಳಿಗೆ ಹೋಗುತ್ತಿದ್ದ, ವಾಷಿಂಗ್ಟನ್ನಿನಲ್ಲಿ ಜನಪ್ರತಿನಿಧಿಗಳ ಬಾಗಿಲು ತಟ್ಟುತ್ತಿದ್ದ. ಗಳಿಸಿದ್ದರಲ್ಲಿ ಸುಮಾರು 35 ಲಕ್ಷ ಡಾಲರ್ ತನ್ನ ಜನಕ್ಕಾಗಿ ಖರ್ಚಾಯಿತೆಂದು ಹೇಳಲಾಗುತ್ತದೆ. ಅದರಲ್ಲಿ ಒಂದು ಪಾಲು ಬಂಡಾಯ ಸೇನೆಗೂ ಸಂದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅನ್ನಕ್ಕೆ ಕೊಟ್ಟ ಹಣ, ಕೋವಿಗೆ ಕೊಟ್ಟ ಹಣ ಎಂದು ದೂರದಲ್ಲಿ ಕುಳಿತು ಗೆರೆ ಎಳೆಯುವುದು ನಮಗೆ ಸುಲಭ. ಆತನನ್ನು ಸಂತನೆಂದು ಕರೆಯಲು ನಾನು ಹಿಂಜರಿಯುತ್ತೇನೆ. ನೆಂಟರ ಋಣ ಮರೆಯದ ಮನುಷ್ಯ ಎನ್ನುವುದು ಹೆಚ್ಚು ಸರಿ.

ಆಟ ಮುಗಿದ ಮೇಲೆ, 1990ರ ದಶಕದ ಕೊನೆಯಲ್ಲಿ, ಶಾಂತಿಯ ಮಾತು ಕೇಳಿಬಂದಾಗ ಆತ ಖಾರ್ಟೂಮಿಗೆ ಮರಳಿದ. ಕ್ರೀಡಾ ಸಚಿವನಾಗುವ ಆಹ್ವಾನವಿತ್ತು. ಇಸ್ಲಾಮಿಗೆ ಮತಾಂತರವಾಗಬೇಕೆಂಬ ಷರತ್ತೂ ಇತ್ತು. ಕ್ರೈಸ್ತನಾಗಿದ್ದ ಬೋಲ್ ಒಲ್ಲೆನೆಂದ. ಅಲ್ಲಿಂದ ಮುಂದೆ ಊರು ಬಿಡಲೂ ಆಗದ, ಇರಲೂ ಆಗದ ದಿನಗಳು. ಕೈಯಲ್ಲಿದ್ದ ಹಣ ಕರಗಿತು. ಕೊನೆಗೆ ಈಜಿಪ್ಟಿಗೆ ತಪ್ಪಿಸಿಕೊಂಡು, ಅಲ್ಲಿಂದ 2002ರಲ್ಲಿ ಧಾರ್ಮಿಕ ನಿರಾಶ್ರಿತನಾಗಿ ಅಮೆರಿಕ ಸೇರಿದ. ಹತ್ತೊಂಬತ್ತು ವರ್ಷಗಳ ಹಿಂದೆ ಯಾವ ದೇಶ ಆತನ ಎತ್ತರಕ್ಕಾಗಿ ಬಾಗಿಲು ತೆರೆದಿತ್ತೋ, ಆ ದೇಶಕ್ಕೆ ಎರಡನೆಯ ಸಲ ಅಂಗಲಾಚಿ ಬರಬೇಕಾಯಿತು.

ಮುಂದಿನದು ನೆನೆಯಲು ಹಿತವಾದ ಅಧ್ಯಾಯವಲ್ಲ. ಅದೇ 2002ರಲ್ಲಿ ಅಮೆರಿಕದ ಒಂದು ಟಿವಿ ವಾಹಿನಿ, ಹೆಸರು ಮಾಸಿದ ಪ್ರಸಿದ್ಧರನ್ನು ಮುಷ್ಟಿಯುದ್ಧಕ್ಕೆ ಇಳಿಸುವ ಕಾರ್ಯಕ್ರಮವೊಂದನ್ನು ನಡೆಸಿತು. ಬೋಲ್ ಅಲ್ಲಿ 'ರೆಫ್ರಿಜರೇಟರ್' ಎಂಬ ಅಡ್ಡಹೆಸರಿನ ದಢೂತಿ ಫುಟ್‌ಬಾಲ್ ಆಟಗಾರ ವಿಲಿಯಂ ಪೆರಿಯೊಂದಿಗೆ ಗುದ್ದಾಡಿ ಗೆದ್ದ. ಆತ ಹಾಕಿದ್ದ ಷರತ್ತು ಒಂದೇ: ಸುಡಾನಿನ ಮಕ್ಕಳಿಗಾಗಿ ತಾನು ನಡೆಸುತ್ತಿದ್ದ ರಿಂಗ್ ಟ್ರೂ ಪ್ರತಿಷ್ಠಾನದ ದೂರವಾಣಿ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಬೇಕು. ಆಮೇಲೆ ಇಂಡಿಯಾನಾಪೊಲಿಸ್ ನಗರದ ಐಸ್ ಹಾಕಿ ತಂಡವೊಂದು ಆತನನ್ನು ಒಂದು ದಿನದ ಮಟ್ಟಿಗೆ ಆಟಗಾರನಾಗಿ ಸೇರಿಸಿಕೊಂಡಿತು. ಆತನಿಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಬರಬೇಕೆಂದು ಯಾರೂ ಬಯಸಿರಲೂ ಇಲ್ಲ. ಇನ್ನೊಮ್ಮೆ ಕುದುರೆ ಜೂಜಿನ ಸವಾರನ ಉಡುಪು ತೊಡಿಸಿದರು. ದುಡ್ಡು ಪ್ರತಿಷ್ಠಾನಕ್ಕೆ ಹೋಯಿತು.

ಆತ್ಮಗೌರವವನ್ನು ಹರಾಜಿಗಿಟ್ಟ ಎಂದು ಮರುಗಿದವರುಂಟು. ಆ ಮುಷ್ಟಿಯುದ್ಧದ ದೃಶ್ಯವನ್ನು ನೋಡುವಾಗ ನನಗೂ ಕಸಿವಿಸಿಯಾಗುತ್ತದೆ. ಆದರೆ ಯೋಚಿಸಿದಷ್ಟೂ ನನಗೆ ಬೇರೆಯೇ ತೋರುತ್ತದೆ. ಆತನನ್ನು ಜನ ಹೇಗೂ ನೋಡುತ್ತಿದ್ದರು. ವಿಮಾನ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಬಿಟ್ಟಿಯಾಗಿ ನೋಡುತ್ತಿದ್ದರು. ಇಪ್ಪತ್ತು ವರ್ಷ ಪುಕ್ಕಟೆ ನೋಡಿದವರಿಂದ ಆತ ಕೊನೆಗೆ ಹಾಸಲು ಕೇಳಿದ. ನೋಡಿ, ನಗಿರಿ, ಈ ಸಂಖ್ಯೆಗೆ ಕರೆ ಮಾಡಿ. ನನ್ನ ದೊಡ್ಡಪ್ಪ ಮೊಣಕಾಲು ಮಡಿಸಿ ಮರೆಯಾಗಲು ಯತ್ನಿಸಿದ ಅದೇ ನೋಟದ ಎದುರು ಬೋಲ್ ನೆಟ್ಟಗೆ ನಿಂತು, ಅದಕ್ಕೊಂದು ಬೆಲೆ ನಿಗದಿ ಮಾಡಿ, ಬಂದ ದುಡ್ಡನ್ನು ತುರಾಲೆಯ ದಿಕ್ಕಿಗೆ ಕಳಿಸಿದ. ಮುಜುಗರಪಡಬೇಕಾದವರು ಯಾರು? ಆತನ ಜೊತೆ ಆಡಿದ ಚಾರ್ಲ್ಸ್ ಬಾರ್ಕ್ಲಿ, ನಾಲಿಗೆಗೆ ಲಗಾಮಿಲ್ಲದವನೆಂದೇ ಹೆಸರಾದ ಮನುಷ್ಯ, ಲೋಕವೆಲ್ಲ ಬೋಲ್‌ನಂಥವರಿಂದ ತುಂಬಿದ್ದರೆ ಅಲ್ಲಿ ಬಾಳಲು ತನಗಿಷ್ಟ ಎಂಬರ್ಥದ ಮಾತನ್ನು ಹೇಳಿದ್ದು ಆತನ ಎತ್ತರ ಕಂಡಲ್ಲ.

2004ರಲ್ಲಿ ಬಾಡಿಗೆ ಕಾರು ಮಗುಚಿ ಬೋಲ್‌ನ ಕತ್ತಿನ ಮೂಳೆ ಮುರಿಯಿತು. ಆಮೇಲಿನ ಬದುಕು ಕೋಲು, ಸಂಧಿನೋವುಗಳದ್ದು. ಆದರೂ 'ಸುಡಾನ್ ಸನ್‌ರೈಸ್' ಎಂಬ ಸಂಸ್ಥೆಯೊಂದಿಗೆ ಸೇರಿ ತನ್ನ ಸೀಮೆಯಲ್ಲಿ ಶಾಲೆಗಳನ್ನು ಕಟ್ಟಿಸುವ ಕೆಲಸಕ್ಕೆ ಇಳಿದ. ಕ್ರೈಸ್ತ ಮಕ್ಕಳೂ ಮುಸ್ಲಿಂ ಮಕ್ಕಳೂ ಒಟ್ಟಿಗೆ ಕೂರುವ ಶಾಲೆಯಾಗಬೇಕೆಂಬುದು ಆತನ ನಿಲುವು. ಬಂಡಾಯ ಸೇನೆಗೆ ಹಣ ಕೊಟ್ಟವನು ಅಷ್ಟು ದೂರ ನಡೆದಿದ್ದ. ತುರಾಲೆಯ ಶಾಲೆಯ ಕಟ್ಟಡ ನೋಡಿಕೊಳ್ಳಲೆಂದು ಹೋದವನು 2010ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯ ಸಲುವಾಗಿ ಅಲ್ಲೇ ಹೆಚ್ಚು ದಿನ ಉಳಿದ. ಮೂತ್ರಪಿಂಡಗಳು ಸೋತವು, ಸೇವಿಸಿದ ಔಷಧದ ಪ್ರತಿಕ್ರಿಯೆಯಿಂದ ಚರ್ಮವೂ ಬಾಯಿಯೂ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ ಹಿಡಿಯಿತು. ಅಮೆರಿಕಕ್ಕೆ ಕರೆತಂದರೂ ಉಳಿಯಲಿಲ್ಲ. 2010ರ ಜೂನ್ 19ರಂದು ವರ್ಜೀನಿಯಾದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಕಾಗದದ ಮೇಲಿನ ವಯಸ್ಸು 47. ದೇಹವನ್ನು ತುರಾಲೆಗೆ ಒಯ್ದು ಮಣ್ಣು ಮಾಡಿದರು. ಮರುವರ್ಷ, 2011ರ ಜುಲೈ 9ರಂದು, ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು. ಮಗ ಬೋಲ್ ಬೋಲ್, ಆತನೂ ಏಳು ಅಡಿ ಮೀರಿದವನು, 2019ರಲ್ಲಿ ಎನ್‌ಬಿಎಗೆ ಆಯ್ಕೆಯಾದ. ತಂದೆಗಿಂತ ಚೆನ್ನಾಗಿ ಚೆಂಡೆಸೆಯುತ್ತಾನೆ.

ಆದರೆ ಬೋಲ್‌ನ ನಿಜವಾದ ವಾರಸುದಾರ ಇನ್ನೊಬ್ಬನೆಂದು ನನಗನ್ನಿಸುತ್ತದೆ. ವಾವ್ ಪಟ್ಟಣದ ಡಿಂಕಾ ಕುಟುಂಬವೊಂದು ಯುದ್ಧಕ್ಕೆ ಹೆದರಿ ಈಜಿಪ್ಟಿಗೆ ಓಡಿತ್ತು. ಆ ಮನೆಯ ಹುಡುಗರಿಗೆ ಬೋಲ್ ಅಲ್ಲಿ ಚೆಂಡು ಹಿಡಿಯಲು ಕಲಿಸಿದ. ಅವರಲ್ಲಿ ಕಿರಿಯವನಾದ ಲುವಾಲ್ ಡೆಂಗ್ ಮುಂದೆ ಲಂಡನ್ನಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ 2004ರಿಂದ ಎನ್‌ಬಿಎಯಲ್ಲಿ ಆಡಿ, ಎರಡು ಸಲ ಆಲ್‌ಸ್ಟಾರ್ ತಂಡಕ್ಕೂ ಆಯ್ಕೆಯಾದ. ನಿವೃತ್ತನಾದ ಮೇಲೆ ದಕ್ಷಿಣ ಸುಡಾನಿನ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷನಾಗಿ, ತನ್ನ ಕೈಯಿಂದಲೂ ಹಣ ಹಾಕಿ, ಲೋಕದ ಮೂಲೆಮೂಲೆಗಳಲ್ಲಿ ನಿರಾಶ್ರಿತರ ಮಕ್ಕಳಾಗಿ ಬೆಳೆದ ಹುಡುಗರನ್ನು ಕಲೆಹಾಕಿ ತಂಡ ಕಟ್ಟಿದ. 2023ರ ವಿಶ್ವಕಪ್‌ನಲ್ಲಿ ಆಫ್ರಿಕಾದ ತಂಡಗಳಲ್ಲೆಲ್ಲ ಮುಂದೆ ನಿಂತು ಅದು ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. 2024ರ ಜುಲೈ 20ರಂದು ಲಂಡನ್ನಿನ ಅಭ್ಯಾಸ ಪಂದ್ಯದಲ್ಲಿ ಅಮೆರಿಕದ ಘಟಾನುಘಟಿಗಳು ಈ ತಂಡದೆದುರು ಗೆದ್ದದ್ದು ಒಂದೇ ಒಂದು ಅಂಕದಿಂದ, 101-100.

ಎಂಟು ದಿನಗಳ ನಂತರ ಒಲಿಂಪಿಕ್ಸ್‌ನಲ್ಲಿ ಪೋರ್ಟೊ ರಿಕೊ ವಿರುದ್ಧ ಅವರ ಮೊದಲ ಪಂದ್ಯ. ಸಂಘಟಕರು ರಾಷ್ಟ್ರಗೀತೆಯೆಂದು ನುಡಿಸಿದ್ದು ಯಾವ ದೇಶದಿಂದ ಬಿಡುಗಡೆ ಪಡೆದಿದ್ದರೋ ಆ ಸುಡಾನಿನದನ್ನು. ಆಟಗಾರರು ಎದೆಯ ಮೇಲೆ ಕೈಯಿಟ್ಟು ಕದಲದೆ ನಿಂತರು. ತಪ್ಪು ಗೊತ್ತಾಗಿ ಸಂಗೀತ ನಿಂತಿತು, ಕೆಲವು ನಿಮಿಷ ಮೌನ, ಪ್ರೇಕ್ಷಕರ ಚಪ್ಪಾಳೆ, ಆಮೇಲೆ ಅವರದೇ ಗೀತೆ. ಪಂದ್ಯವನ್ನು 90-79ರಿಂದ ಗೆದ್ದರು. ಆ ದಿನಕ್ಕೆ ಅವರ ದೇಶದಲ್ಲಿ ಛಾವಣಿಯಿರುವ ಒಂದು ಬ್ಯಾಸ್ಕೆಟ್‌ಬಾಲ್ ಅಂಗಣವೂ ಇರಲಿಲ್ಲ.